ಸುಡುಮಣ್ಣಿನಲ್ಲಿ ಹುಟ್ಟುವ ದೈತ್ಯ: ಸಿಕ್ವೋಯಾ ಸಸಿಗಳನ್ನು ಬೆಳೆಸುವ ಬಗ್ಗೆ

(ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಸಿಕ್ವೋಯಾ ರಾಷ್ಟ್ರೀಯ ಉದ್ಯಾನವನ್ನು ಒಮ್ಮೆಯಾದರೂ ನೋಡಿರುತ್ತೀರಿ. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವು ಅವರನ್ನು ಕರೆದೊಯ್ಯುವ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಜನರಲ್ ಶೆರ್ಮನ್ ಎಂಬ ಸಿಕ್ವೋಯಾ ಮರ 83.8 ಮೀಟರ್ ಎತ್ತರವಿದೆ. ನೆಲಮಟ್ಟದಲ್ಲಿ ಅದರ ಸುತ್ತಳತೆ 31 ಮೀಟರ್. ಕಾಂಡವೊಂದರಲ್ಲೇ ಸುಮಾರು 1,487 ಘನ ಮೀಟರ್ ಮರವಿದೆ. ವಯಸ್ಸು ಎರಡು ಸಾವಿರ ವರ್ಷಗಳಿಗೂ ಮೇಲೆ. ಅದರ ಬುಡದಲ್ಲಿ ನಿಂತು ಕತ್ತು ನೋಯುವವರೆಗೆ ಮೇಲೆ ನೋಡಿದವರಿಗೆ ಈ ಮರ ಯಾವುದಕ್ಕೂ ಜಗ್ಗುವುದಿಲ್ಲ ಎನಿಸುವುದು ಸಹಜ. ಹದಿನಾಲ್ಕು ವರ್ಷಗಳಿಂದ ಫ್ರೆಸ್ನೋದ ನನ್ನ ಮನೆಯ ಹಿತ್ತಲಿನಲ್ಲಿ ಇದೇ ಮರದ ಸಸಿಗಳನ್ನು ಬೆಳೆಸುತ್ತಿರುವ ನನಗೆ ಕಂಡದ್ದು ಬೇರೆ. ಈ ಮರದ ಕಷ್ಟವೆಲ್ಲ ಅದು ಗೇಣುದ್ದ ಇರುವಾಗಲೇ ಮುಗಿಯುತ್ತದೆ, ಮುಗಿಯದಿದ್ದರೆ ಮರವೇ ಮುಗಿಯುತ್ತದೆ. ಆ ಗೇಣುದ್ದದ ಕಾಲದ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೊದಲು ಬೀಜವನ್ನು ನೋಡೋಣ. ಇದು ನಾಲ್ಕೈದು ಮಿಲಿಮೀಟರ್ ಉದ್ದದ, ಒಣಹುಲ್ಲಿನ ಬಣ್ಣದ, ಕಾಗದದಷ್ಟು ತೆಳುವಾದ ಚೂರು. ಗೇರಿದ ಭತ್ತದ ಹೊಟ್ಟನ್ನು ಅಂಗೈಯಲ್ಲಿ ಹರಡಿಕೊಂಡರೆ ಹೇಗೆ ಕಾಣುತ್ತದೆಯೋ ಹಾಗೆಯೇ ಕಾಣುತ್ತದೆ. ಮಾತಾಡುವಾಗಿನ ಉಸಿರಿಗೇ ಹಾರಿಹೋಗುತ್ತದೆ. ನಡುವೆ ಕಂದು ಗೆರೆಯಂತೆ ಬೀಜದ ತಿರುಳು, ಎರಡು ಬದಿಗೂ ರೆಕ್ಕೆ. ಒಂದು ಗ್ರಾಂ ತೂಗಿದರೆ ಸುಮಾರು ಇನ್ನೂರು ಬೀಜಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು ಜೊಳ್ಳು. ಒಳ್ಳೆಯ ಬೀಜವೆಂದು ಕೊಂಡುತಂದದ್ದರಲ್ಲೂ ಮೂರರಲ್ಲಿ ಒಂದು ಮೊಳೆತರೆ ತೃಪ್ತಿಪಡಬೇಕು.

ಈ ಬೀಜಗಳು ಇರುವುದು ಕೋಳಿಮೊಟ್ಟೆಯ ಗಾತ್ರದ, ಹಲಸಿನ ಕಾಯಿಯ ಮುಳ್ಳಿನಂತೆ ಒತ್ತೊತ್ತಾಗಿ ಪದರ ಜೋಡಿಸಿಕೊಂಡ ಕಾಯಿಗಳಲ್ಲಿ. ಪೈನ್ ಮರದ ಕಾಯಿಗಳನ್ನು ನೀವೆಲ್ಲ ನೋಡಿದ್ದೀರಿ. ಅವು ಬಲಿತು, ಒಣಗಿ, ಬಾಯಿಬಿಟ್ಟು ಉದುರುತ್ತವೆ. ಸಿಕ್ವೋಯಾದ ಕಾಯಿ ಬಲಿಯಲು ಎರಡು ಬೇಸಿಗೆ ಬೇಕು, ಬಲಿತ ಮೇಲೂ ಬಾಯಿಬಿಡುವುದಿಲ್ಲ. ಇಪ್ಪತ್ತು ವರ್ಷದವರೆಗೂ ಅದು ಹಸಿರಾಗಿಯೇ ಕೊಂಬೆಗೆ ಅಂಟಿಕೊಂಡು, ಒಳಗಿನ ಇನ್ನೂರಕ್ಕೂ ಹೆಚ್ಚು ಬೀಜಗಳನ್ನು ಕಾಪಾಡಿಕೊಂಡು ಇರಬಲ್ಲದು. ದೊಡ್ಡ ಮರವೊಂದರ ನೆತ್ತಿಯಲ್ಲಿ ಹೀಗೆ ಸಾವಿರಗಟ್ಟಲೆ ಕಾಯಿಗಳು ಒಟ್ಟಾಗಿರುತ್ತವೆ. ಅದನ್ನು ನಾನು ಮರದ ಕಣಜ ಎನ್ನುತ್ತೇನೆ. ಮರ ಪ್ರತಿವರ್ಷವೂ ಬಿತ್ತುವುದಿಲ್ಲ ಎಂದೇನೂ ಅಲ್ಲ. ಡಗ್ಲಸ್ ಅಳಿಲು ಎಂಬ ಚುರುಕು ಪ್ರಾಣಿ ಹಸಿರು ಕಾಯಿಯ ಪದರಗಳ ತಿರುಳನ್ನು ಕಡಿದು ತಿನ್ನುವಾಗ ಬೀಜಗಳು ಉದುರುತ್ತವೆ, ಉದ್ದ ಮೀಸೆಯ ಒಂದು ಚಿಕ್ಕ ದುಂಬಿಯ ಮರಿಹುಳುಗಳು ಕಾಯಿಯೊಳಗೆ ಕೊರೆದು ನೀರಿನ ದಾರಿಯನ್ನು ಕಡಿದಾಗ ಕಾಯಿ ಒಣಗಿ ಬಾಯಿಬಿಡುತ್ತದೆ. ಹೀಗೆ ದೊಡ್ಡ ಮರವೊಂದು ವರ್ಷಕ್ಕೆ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ. ಆದರೆ ಕಣಜದ ಬಾಗಿಲು ಪೂರ್ತಿ ತೆರೆಯುವುದು ಬೆಂಕಿ ಬಂದಾಗ ಮಾತ್ರ. ನೆಲದ ಮೇಲೆ ಹರಿದಾಡುವ ಬೆಂಕಿಯ ಬಿಸಿಗಾಳಿ ಮೇಲೇರಿ ಕಾಯಿಗಳನ್ನು ಒಣಗಿಸುತ್ತದೆ, ಮುಂದಿನ ದಿನಗಳಲ್ಲಿ ಇನ್ನೂ ಬೆಚ್ಚಗಿರುವ ಬೂದಿಯ ಮೇಲೆ ಬೀಜದ ಮಳೆಯೇ ಸುರಿಯುತ್ತದೆ.

ಕರಾವಳಿಯಲ್ಲೋ ಮಲೆನಾಡಿನಲ್ಲೋ ಬೆಳೆದವರಿಗೆ ಸುಡುಮಣ್ಣಿನ ನೆನಪು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಮಳೆಗಾಲಕ್ಕೆ ಮುಂಚೆ ಒಣ ತರಗೆಲೆ, ಕಸಕಡ್ಡಿಗಳನ್ನು ಗುಡ್ಡೆ ಹಾಕಿ, ಅದರ ಮೇಲೆ ಮೇಲ್ಮಣ್ಣು ಕೆತ್ತಿ ಹರಡಿ, ಒಂದು ಬದಿಯಿಂದ ಬೆಂಕಿ ಕೊಡುತ್ತಿದ್ದರು. ಅದು ಜ್ವಾಲೆ ಎಬ್ಬಿಸದೆ ಎರಡು ಮೂರು ದಿನ ಹೊಗೆಯಾಡುತ್ತಲೇ ಬೇಯುತ್ತಿತ್ತು. ಆಮೇಲೆ ಆ ಮಣ್ಣನ್ನು ಜರಡಿ ಹಿಡಿದು ಬದನೆ, ಮೆಣಸಿನ ಸಸಿಮಡಿಗೆ ಹಾಕುತ್ತಿದ್ದರು. ಸುಟ್ಟ ಮಣ್ಣಿನಲ್ಲಿ ಕಳೆ ಹುಟ್ಟುವುದಿಲ್ಲ, ಸಸಿ ಕೊಳೆಯುವುದಿಲ್ಲ, ಬೇರು ಸಲೀಸಾಗಿ ಇಳಿಯುತ್ತದೆ ಎಂದು ಅವರು ಹೇಳುತ್ತಿದ್ದರು. ಸಿಯೆರಾ ನೆವಾಡಾ ಬೆಟ್ಟಗಳ ಪಶ್ಚಿಮದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,400 ಮೀಟರಿನಿಂದ 2,150 ಮೀಟರ್ ಎತ್ತರದ ನಡುವೆ ಬೆಂಕಿ ಮಾಡುತ್ತಿದ್ದದ್ದು ಇದೇ ಕೆಲಸ. ಅದು ಗೇಣುಗಟ್ಟಲೆ ದಪ್ಪದ ತರಗನ್ನು ಸುಟ್ಟು ಬರಿಯ ಮಣ್ಣನ್ನು ತೆರೆದಿಡುತ್ತದೆ. ಮಣ್ಣಿನಲ್ಲಿರುವ ಕೊಳೆಸುವ ಶಿಲೀಂಧ್ರಗಳನ್ನು ಕೊಲ್ಲುತ್ತದೆ. ನೆರಳು ಕವಿಸುವ ಫರ್ ಮರಗಳ ಮರಿಗಳನ್ನು ಸುಟ್ಟು ಬಿಸಿಲಿಗೆ ದಾರಿ ಮಾಡುತ್ತದೆ. ಬೂದಿಯ ಗೊಬ್ಬರವನ್ನೂ ಕೊಡುತ್ತದೆ. ದೊಡ್ಡ ಮರಕ್ಕೆ ಮಾತ್ರ ಅದರಿಂದ ಅಷ್ಟಾಗಿ ಹಾನಿಯಿಲ್ಲ, ಏಕೆಂದರೆ ಅದರ ತೊಗಟೆ ಅರವತ್ತು ಸೆಂಟಿಮೀಟರ್ ದಪ್ಪದವರೆಗೂ ಬೆಳೆಯುತ್ತದೆ, ತೆಂಗಿನಕಾಯಿಯ ಸಿಪ್ಪೆಯಂತೆ ನಾರುನಾರಾಗಿರುತ್ತದೆ, ಉರಿಯುವ ರಾಳ ಅದರಲ್ಲಿಲ್ಲ.

ಬೆಂಕಿ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಇಪ್ಪತ್ತನೆಯ ಶತಮಾನ ಕಣ್ಣಾರೆ ಕಂಡಿತು. ಸಾವಿರಾರು ವರ್ಷ ಈ ತೋಪುಗಳಲ್ಲಿ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಸಣ್ಣ ಬೆಂಕಿ ಹಾದುಹೋಗಿರುವುದಕ್ಕೆ ಮರಗಳ ವಾರ್ಷಿಕ ಉಂಗುರಗಳಲ್ಲಿ ಉಳಿದಿರುವ ಸುಟ್ಟ ಕಲೆಗಳೇ ಸಾಕ್ಷಿ. ಸಿಡಿಲು ಹಚ್ಚಿದ ಬೆಂಕಿ ಒಂದು ಪಾಲಾದರೆ, ಇಲ್ಲಿನ ಮೂಲನಿವಾಸಿ ಜನರು ಉದ್ದೇಶವಿಟ್ಟು ಹಚ್ಚುತ್ತಿದ್ದ ಬೆಂಕಿ ಇನ್ನೊಂದು ಪಾಲು. ಮರಗಳನ್ನು ಕಾಪಾಡಲೆಂದೇ 1890ರಲ್ಲಿ ಸಿಕ್ವೋಯಾ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಮರ ಕಡಿಯುವುದು ನಿಂತಿತು, ಆದರೆ ಬೆಂಕಿಯನ್ನೂ ಶತ್ರುವೆಂದು ಬಗೆದು ಕಂಡಲ್ಲೆಲ್ಲ ಆರಿಸಲಾಯಿತು. ದಶಕಗಳು ಕಳೆದಂತೆ ಹಳೆಯ ಮರಗಳ ಬುಡದಲ್ಲಿ ಹೊಸ ಸಸಿಗಳೇ ಕಾಣದಾದವು. 1960ರ ದಶಕದಲ್ಲಿ ವಿಜ್ಞಾನಿ ರಿಚರ್ಡ್ ಹಾರ್ಟಸ್‌ವೆಲ್ಟ್ ಮತ್ತು ಅವರ ಸಂಗಡಿಗರು ರೆಡ್‌ವುಡ್ ಮೌಂಟನ್ ತೋಪಿನಲ್ಲಿ ಆಯ್ದ ಜಾಗಗಳನ್ನು ಸುಟ್ಟು ನೋಡಿದಾಗ, ಸುಟ್ಟ ನೆಲದಲ್ಲಿ ಸಸಿಗಳು ಎದ್ದುಬಂದವು. 1968ರಿಂದ ಸಿಕ್ವೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ಉದ್ಯಾನಗಳ ಆಡಳಿತವೇ ಯೋಜಿಸಿ ಬೆಂಕಿ ಹಚ್ಚುವ ಪದ್ಧತಿಯನ್ನು ಕೈಗೆತ್ತಿಕೊಂಡಿತು.

ಈಗ ಹಿತ್ತಲಿಗೆ ಬರೋಣ. ಸಿಕ್ವೋಯಾ ಬೆಳೆಸುವವನು ಮಾಡಬೇಕಾದದ್ದು ಒಂದೇ: ಕಾಡಿನಲ್ಲಿ ಬೆಂಕಿ ಮಾಡುವ ಕೆಲಸವನ್ನು ತಾನು ಕೈಯಿಂದ ಮಾಡುವುದು. ಇದು ನನಗೆ ತಿಳಿದದ್ದು ತಡವಾಗಿ. ಮೊದಲ ವರ್ಷ ನಾನು ಮನೆಯ ತರಕಾರಿ ಮಡಿಯಿಂದ ಚೆನ್ನಾಗಿ ಗೊಬ್ಬರ ಹಾಕಿದ ಕಪ್ಪು ಮಣ್ಣನ್ನು ತಂದು ತಟ್ಟೆಗಳಿಗೆ ತುಂಬಿ, ಬೀಜ ಬಿತ್ತಿ, ಮೇಲೆ ಗಾಜು ಮುಚ್ಚಿ, ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ಎಂಬತ್ತಕ್ಕೂ ಹೆಚ್ಚು ಸಸಿಗಳು ಹುಟ್ಟಿದವು. ಎರಡು ವಾರ ಕಳೆಯುವುದರೊಳಗೆ ಮಣ್ಣಿಗೆ ತಾಗುವಲ್ಲಿ ಒಂದೊಂದರ ಕಾಂಡವೂ ನೂಲಿನಂತೆ ತೆಳುವಾಗಿ ಕಪ್ಪಾಯಿತು; ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಅಡ್ಡ ಮಲಗಿರುತ್ತಿತ್ತು. ಕೊನೆಗೆ ಉಳಿದದ್ದು ಮೂರು. ತಂಬಾಕಿನ ಒಟ್ಲು ಹಾಕುವವರಿಗೆ, ಮೆಣಸಿನ ಸಸಿ ಮಾಡುವವರಿಗೆ ಈ ರೋಗದ ಪರಿಚಯವಿದೆ. ಸಸಿ ಸಾಯುವ ರೋಗ ಎಂದೇ ಅದನ್ನು ಕರೆಯುತ್ತಾರೆ. ಪಿಥಿಯಂ, ಫ್ಯುಸೇರಿಯಂ, ರೈಜೋಕ್ಟೋನಿಯಾದಂಥ ಜೀವಿಗಳು ಇದಕ್ಕೆ ಕಾರಣ. ನಾನು ಕೊಟ್ಟ ಸಾರವತ್ತಾದ ಮಣ್ಣೇ ಅವಕ್ಕೆ ಊಟವಾಗಿತ್ತು. ಕಾಡಿನಲ್ಲಿ ಬೆಂಕಿ ಯಾವುದನ್ನು ಸುಟ್ಟು ತೆಗೆಯುತ್ತಿತ್ತೋ ಅದನ್ನೇ ನಾನು ಹುಡುಕಿ ತಂದು ಹಾಕಿದ್ದೆ.

ಆದ್ದರಿಂದ ಬಿತ್ತುವ ತಟ್ಟೆಗೆ ಹಿತ್ತಲಿನ ಮಣ್ಣು ಬೇಡ, ಗೊಬ್ಬರವೂ ಬೇಡ. ದಪ್ಪ ಮರಳು, ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರವಾದ ಬಿಳಿ ಕಲ್ಲಿನ ಹರಳು) ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲಿನಲ್ಲಿ ಕಲಸಿದರೆ ಸಾಕು. ಇಲ್ಲಿನ ಅಂಗಡಿಗಳಲ್ಲಿ ಇಟ್ಟಿಗೆಯ ಆಕಾರದಲ್ಲಿ ಸಿಗುವ ನಾರಿನ ಪುಡಿ ಎಷ್ಟೋ ಸಲ ದಕ್ಷಿಣ ಭಾರತದಿಂದಲೇ ಬಂದಿರುತ್ತದೆ, ಪೊಟ್ಟಣದ ಹಿಂಬದಿಯನ್ನು ಓದಿ ನೋಡಿ. ಮೊಳಕೆಗೆ ಬೇಕಾದ ಆಹಾರ ಬೀಜದಲ್ಲೇ ಇರುವುದರಿಂದ ಮೊದಲ ವಾರಗಳಲ್ಲಿ ನಾವು ಕೊಡಬೇಕಾದದ್ದು ಸ್ವಚ್ಛತೆ, ಬೆಳಕು ಮತ್ತು ಹದವಾದ ತೇವ ಮಾತ್ರ.

ಬೀಜವನ್ನು ಎಲ್ಲಿಂದ ತರಬೇಕು ಎಂದು ಅನೇಕರು ಕೇಳುತ್ತಾರೆ. ರಾಷ್ಟ್ರೀಯ ಉದ್ಯಾನಗಳಲ್ಲಿ ನೆಲಕ್ಕೆ ಬಿದ್ದ ಕಾಯಿಯನ್ನೂ ಎತ್ತಿಕೊಂಡು ಬರುವುದು ಕಾನೂನಿಗೆ ವಿರುದ್ಧ. ಮಕ್ಕಳ ಜೇಬನ್ನು ದಯವಿಟ್ಟು ಗಮನಿಸಿ. ಬೀಜದ ವ್ಯಾಪಾರಿಗಳ ಬಳಿ ಸಿಗುವ, ಯಾವ ತೋಪಿನಿಂದ ಅಥವಾ ಯಾವ ಎತ್ತರದಿಂದ ಸಂಗ್ರಹಿಸಿದ್ದೆಂದು ಹೇಳಬಲ್ಲ ಬೀಜವನ್ನೇ ಕೊಳ್ಳುವುದು ಒಳ್ಳೆಯದು. ತಂದ ಬೀಜವನ್ನು ಒಂದು ಬಟ್ಟಲು ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ನೋಡಿದಾಗ ನೀರು ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ. ಕಾಯಿಯ ಒಳಗೆ ಬೀಜದ ಜೊತೆಗೆ ಹರಳುಹರಳಾದ ಒಂದು ಪುಡಿ ಇರುತ್ತದೆ, ಅದರಲ್ಲಿ ಟ್ಯಾನಿನ್ ತುಂಬಿದೆ. ಬೀಜಕ್ಕೆ ಅಂಟಿಕೊಂಡ ಆ ಪುಡಿಯ ಬಣ್ಣವೇ ಇದು. ಅಡಿಕೆ ಬೇಯಿಸಿದ ಹಂಡೆಯ ಚೊಗರನ್ನು ನೋಡಿದವರಿಗೆ ಬೇರೆ ಹೋಲಿಕೆ ಬೇಕಿಲ್ಲ, ನಾಲಿಗೆಯ ಮೇಲಿಟ್ಟರೆ ಒಗರೂ ಅದೇ. ಸಿಯೆರಾದ ಕಾಡುಗಳ ಬಗ್ಗೆ ಬರೆದ ನಿಸರ್ಗ ಲೇಖಕ ಜಾನ್ ಮ್ಯೂರ್ ಈ ಪುಡಿಯನ್ನು ಶಾಯಿಯಾಗಿ ಬಳಸಿ ಪತ್ರ ಬರೆದಿದ್ದರು.

ನೆನೆದ ಬೀಜವನ್ನು ಬಸಿದು, ಒದ್ದೆಯಾಗಿ ಹಿಂಡಿದ ಕಾಗದದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರಿಜ್‌ನ ಕೆಳಗಿನ ಅಂಕಣದಲ್ಲಿ ಅರವತ್ತರಿಂದ ತೊಂಬತ್ತು ದಿನ ಇಡಬೇಕು. ಸಿಯೆರಾದ ಚಳಿಗಾಲದಲ್ಲಿ ಹಿಮದ ಹೊದಿಕೆಯ ಕೆಳಗೆ ಬೀಜ ಕಳೆಯುವ ತಿಂಗಳುಗಳಿಗೆ ಇದು ಬದಲಿ. ಈ ಚಳಿಯನ್ನು ಕಾಣದ ಬೀಜವೂ ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ. ಚಳಿ ಕಂಡ ಬೀಜ ಒಟ್ಟಾಗಿ, ಬಲವಾಗಿ ಮೊಳೆಯುತ್ತದೆ. ನಾನು ನವೆಂಬರ್ ಕೊನೆಗೆ ಒಳಗಿಟ್ಟು ಫೆಬ್ರವರಿಯಲ್ಲಿ ತೆಗೆಯುತ್ತೇನೆ. ವಾರಕ್ಕೊಮ್ಮೆ ಚೀಲ ತೆರೆದು ಬೂಸ್ಟು ಬಂದಿದೆಯೇ ಎಂದು ನೋಡುವುದನ್ನು ಮಾತ್ರ ಮರೆಯಬಾರದು.

ಬಿತ್ತುವಾಗ ಬೀಜವನ್ನು ಹೂಳಬಾರದು. ತಟ್ಟೆಯ ಮೇಲೆ ಹರಡಿ, ಅದು ಅರೆಬರೆ ಮುಚ್ಚುವಷ್ಟು ಮರಳನ್ನು ಉದುರಿಸಿದರೆ ಆಯಿತು. ನೀರನ್ನು ಮೇಲಿನಿಂದ ಹೊಯ್ಯದೆ, ತಟ್ಟೆಯನ್ನೇ ನೀರಿನ ಬೋಗುಣಿಯಲ್ಲಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಬೇಕು, ಮೇಲ್ಮೈ ತೇವಗೊಂಡ ಕೂಡಲೇ ಹೊರತೆಗೆಯಬೇಕು. ಎರಡು ಮೂರು ವಾರಗಳಲ್ಲಿ ಮೊಳಕೆ ಏಳುತ್ತದೆ. ಮೊದಲು ಕಾಣುವುದು ಕೆಂಪು ಛಾಯೆಯ, ಕೊಕ್ಕೆಯಂತೆ ಬಾಗಿದ ಕಾಂಡ. ಅದು ನೆಟ್ಟಗಾದಾಗ ತಲೆಯ ಮೇಲೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತಿರುತ್ತದೆ. ಅದನ್ನು ಉಗುರಿನಿಂದ ಕೀಳಲು ಹೋಗಬೇಡಿ, ಒಳಗಿರುವ ಎಲೆಗಳೂ ಕಿತ್ತು ಬರುತ್ತವೆ. ಬೆಳಿಗ್ಗೆ ಒಂದು ಹನಿ ನೀರು ತಾಗಿಸಿದರೆ ಸಂಜೆಗೆ ತಾನೇ ಕಳಚಿಕೊಂಡು ಬೀಳುತ್ತದೆ, ನಾಲ್ಕು ಸೂಜಿಯಂಥ ಬೀಜದೆಲೆಗಳು ಬಿಚ್ಚಿಕೊಳ್ಳುತ್ತವೆ. ಕೆಲವು ಸಸಿಗಳಿಗೆ ಮೂರು, ಕೆಲವಕ್ಕೆ ಐದು. ಎರಡು ಸಾವಿರ ವರ್ಷ ಬಾಳಬಹುದಾದ ಒಂದು ಜೀವ ಆ ದಿನ ಬೆಂಕಿಕಡ್ಡಿಗಿಂತ ಚಿಕ್ಕದಾಗಿ ನಿಂತಿರುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಆ ಬೆಳಗಿನ ಸಂಭ್ರಮ ಕಡಿಮೆಯಾಗಿಲ್ಲ.

ಗಾಳಿಯಾಡುವಿಕೆ ಈ ಹಂತದಲ್ಲಿ ಯಾವ ಔಷಧಿಗಿಂತಲೂ ದೊಡ್ಡದು. ಗಾಜನ್ನು ಮೊಳಕೆ ಕಂಡ ದಿನವೇ ತೆಗೆಯಿರಿ. ಸಾಧ್ಯವಿದ್ದರೆ ಸಣ್ಣ ಫ್ಯಾನನ್ನು ಮಂದಗತಿಯಲ್ಲಿ ದೂರದಿಂದ ಹಾಯಿಸಿ. ಬೀಜದೆಲೆಗಳ ನಡುವಿನಿಂದ ನಿಜವಾದ ಎಲೆಗಳ ಮೊದಲ ಸುತ್ತು ಮೂಡಿದ ಮೇಲೆ ಒಂದೊಂದನ್ನೂ ಎಲೆಯಲ್ಲಿ ಹಿಡಿದೆತ್ತಿ, ಕಾಂಡವನ್ನು ಮುಟ್ಟದೆ, ಬೇರೆ ಕುಂಡಕ್ಕೆ ಸಾಗಿಸಬಹುದು.

ಕುಂಡದ ಆಯ್ಕೆಯಲ್ಲಿ ನರ್ಸರಿಯವರೂ ತಪ್ಪುವುದನ್ನು ಕಂಡಿದ್ದೇನೆ. ಈ ಸಸಿ ಮೊದಲ ವರ್ಷ ಮೇಲೆ ಬೆಳೆಯುವುದಕ್ಕಿಂತ ಹೆಚ್ಚು ಕೆಳಗೆ ಬೆಳೆಯುತ್ತದೆ. ಅದಕ್ಕೆ ಕಾರಣ ಸಿಯೆರಾದ ಮಳೆಯ ಲೆಕ್ಕ. ನಮ್ಮ ಊರಿನಲ್ಲಿ ಬೆಳೆ ಬೆಳೆಯುವ ಕಾಲವೇ ಮಳೆಗಾಲ. ಇಲ್ಲಿ ನೀರೆಲ್ಲ ಚಳಿಗಾಲದಲ್ಲಿ ಹಿಮವಾಗಿ ಬೀಳುತ್ತದೆ, ವಸಂತದಲ್ಲಿ ಕರಗಿ ಇಳಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದಿಂದ ಹೆಚ್ಚೇನೂ ಬರುವುದಿಲ್ಲ. ಏಪ್ರಿಲ್‌ನಲ್ಲಿ ಹುಟ್ಟಿದ ಸಸಿಯ ಬೇರು ಒಣಗುತ್ತಾ ಕೆಳಗಿಳಿಯುವ ತೇವವನ್ನು ಬೆನ್ನಟ್ಟಿ ಇಳಿಯಬೇಕು; ಹಿಂದೆಬಿದ್ದರೆ ಆಗಸ್ಟ್‌ನಲ್ಲಿ ಸಾವು. ಕಾಡಿನಲ್ಲಿ ಹುಟ್ಟಿದ ಸಸಿಗಳಲ್ಲಿ ಬಹುಪಾಲು ಸಾಯುವುದು ಹೀಗೆ ಮೊದಲ ಬೇಸಿಗೆಯ ಒಣಗಿನಲ್ಲಿಯೇ. ತರಗಿನ ಹಾಸಿನ ಮೇಲೆ ಮೊಳೆತ ಬೀಜದ ಬೇರು ಮಣ್ಣನ್ನು ಮುಟ್ಟುವ ಮೊದಲೇ ತರಗು ಒಣಗಿಬಿಡುತ್ತದೆ. ಬೆಂಕಿ ತೆರೆದಿಟ್ಟ ಬರಿಯ ಮಣ್ಣು ಬೇಕಾಗುವುದು ಇದಕ್ಕಾಗಿಯೇ. ಹೀಗೆ ಇಳಿಯಲು ಹುಟ್ಟಿದ ಬೇರನ್ನು ಅಗಲವಾದ ಆಳವಿಲ್ಲದ ಕುಂಡದಲ್ಲಿಟ್ಟರೆ ಅದು ತಳವನ್ನು ಮುಟ್ಟಿ ಸುರುಳಿ ಸುತ್ತಲು ತೊಡಗುತ್ತದೆ, ಆ ಸುರುಳಿ ನೆಲಕ್ಕೆ ನೆಟ್ಟ ಮೇಲೂ ಬಿಚ್ಚಿಕೊಳ್ಳದೆ ವರ್ಷಗಳ ನಂತರ ಗಾಳಿಗೆ ಮರವನ್ನು ಕೆಡವಬಹುದು. ಒಂದು ಅಡಿಗಿಂತ ಆಳದ, ತಳ ತೆರೆದಿರುವ, ಕೊಳವೆಯಂಥ ಕುಂಡಗಳು ಸಿಗುತ್ತವೆ, ಅವನ್ನೇ ಕೊಳ್ಳಿ. ತಳದಿಂದ ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿ, ಒಳಗೆ ಕವಲುಬೇರುಗಳು ಹೆಚ್ಚುತ್ತವೆ.

ಇನ್ನೊಂದು ವಿಷಯವನ್ನು ಬಲ್ಲವರು ಕಡಿಮೆ. ಪೈನ್ ಮತ್ತು ಫರ್ ಮರಗಳ ಬೇರಿನ ಜೊತೆ ಬಾಳುವ ಶಿಲೀಂಧ್ರಗಳು ಬೇರೆ, ಸಿಕ್ವೋಯಾದ ಬೇರಿನ ಜೊತೆ ಬಾಳುವವು ಬೇರೆ. ಸಿಕ್ವೋಯಾಕ್ಕೆ ಬೇಕಾದದ್ದು ಬೇರಿನ ಜೀವಕೋಶದ ಒಳಗೇ ಹೊಕ್ಕು ನೆಲೆಸುವ ಬಗೆ, ನಮ್ಮ ಅಡಿಕೆ ತೆಂಗುಗಳ ಬೇರಿನಲ್ಲಿ ಇರುವಂಥದ್ದು. ಪೈನ್ ಮರದ ಬುಡದ ಮಣ್ಣು ತಂದು ಕುಂಡಕ್ಕೆ ಬೆರೆಸಿ ಉಪಕಾರ ಮಾಡಿದೆವೆಂದು ತಿಳಿದವರು ಇದನ್ನು ಗಮನಿಸಬೇಕು. ಎರಡನೆಯ ವರ್ಷದ ಹೊತ್ತಿಗೆ, ಸಸಿ ಗಟ್ಟಿಯಾದ ಮೇಲೆ, ಇನ್ಸೆನ್ಸ್ ಸೀಡರ್ ಮರದ ಬುಡದ ಒಂದು ಹಿಡಿ ಮಣ್ಣನ್ನು ಸೇರಿಸುವುದು ನನ್ನ ರೂಢಿ. ಆ ಮರದ ಬೇರಿನಲ್ಲೂ ಇದೇ ಬಗೆಯ ಶಿಲೀಂಧ್ರಗಳಿರುತ್ತವೆ.

ಮೊದಲ ಚಳಿಗಾಲ ಬಂದಾಗ ನಿಮಗೊಂದು ಗಾಬರಿ ಕಾದಿರುತ್ತದೆ. ನೀಲಿ ಮಿಶ್ರಿತ ಹಸಿರಾಗಿದ್ದ ಸಸಿ ಡಿಸೆಂಬರ್‌ನಲ್ಲಿ ಕಂಚಿನ ಬಣ್ಣಕ್ಕೆ, ಕೆಲವೊಮ್ಮೆ ನೇರಳೆಗೆ ತಿರುಗುತ್ತದೆ. ಸತ್ತಿತೆಂದು ಕಿತ್ತೆಸೆದವರನ್ನು ನಾನು ಬಲ್ಲೆ. ಅದು ಚಳಿಗೆ ಹೊದ್ದುಕೊಂಡ ಬಣ್ಣ ಅಷ್ಟೆ. ಮಾರ್ಚ್‌ನಲ್ಲಿ ಮತ್ತೆ ಹಸಿರಾಗುತ್ತದೆ. ಭಯಪಡಬೇಕಾದದ್ದು ತುದಿ ಬೂದುಬಣ್ಣದ ಬೂಸ್ಟಿನಿಂದ ಮುಚ್ಚಿ ಬಾಡಿದಾಗ. ಒತ್ತಾಗಿಟ್ಟ ಕುಂಡಗಳಲ್ಲಿ, ಮೋಡ ಕವಿದ ತೇವದ ವಾರಗಳಲ್ಲಿ ಹಾಗಾಗುತ್ತದೆ. ಕುಂಡಗಳನ್ನು ದೂರದೂರ ಸರಿಸಿ, ರೋಗ ತಗುಲಿದ ಭಾಗವನ್ನು ಕತ್ತರಿಸಿ ತೆಗೆಯಬೇಕು.

ಎರಡು ಅಥವಾ ಮೂರು ವರ್ಷದ ಸಸಿಯನ್ನು ನೆಲಕ್ಕೆ ನೆಡಬಹುದು. ನೆಲ ಆಳವಾಗಿರಬೇಕು, ನೀರು ನಿಲ್ಲದೆ ಬಸಿದುಹೋಗಬೇಕು, ದಿನದ ಬಹುಪಾಲು ಬಿಸಿಲು ಸಿಗಬೇಕು. ಸಿಕ್ವೋಯಾ ನೆರಳನ್ನು ಸಹಿಸುವ ಮರವಲ್ಲ. ದೊಡ್ಡ ಮರದ ಅಡಿಯಲ್ಲಿ ಇದನ್ನು ನೆಟ್ಟು ಸಾಕುವುದೆಂದರೆ ಹಸಿವಿನಿಂದ ಸಾಯಿಸಿದಂತೆ. ಸುತ್ತ ಒಂದು ಮೀಟರಿನಷ್ಟು ಜಾಗದಲ್ಲಿ ಹುಲ್ಲು ಬೆಳೆಯಲು ಬಿಡಬಾರದು, ಏಕೆಂದರೆ ಮೇಲ್ಪದರದ ತೇವಕ್ಕಾಗಿ ಹುಲ್ಲಿನೊಡನೆ ಸ್ಪರ್ಧಿಸಿ ಎಳೆಯ ಸಸಿ ಗೆಲ್ಲಲಾರದು. ನೆಲದಡಿ ಬಿಲ ತೋಡುವ ಗೋಫರ್‌ಗಳು ಬೇರನ್ನು ಬುಡದಿಂದಲೇ ಕಡಿಯುತ್ತವೆ. ಗುಂಡಿಯೊಳಗೆ ತಂತಿಬಲೆಯ ಬುಟ್ಟಿ ಇಟ್ಟು ಅದರಲ್ಲಿ ನೆಡಿ. ಮೇಲೆ ಜಿಂಕೆಗೆ ಬೇಲಿ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರುಣಿಸಬೇಕು, ದಿನಾ ಸ್ವಲ್ಪಸ್ವಲ್ಪ ಕೊಟ್ಟರೆ ಬೇರು ಮೇಲೆಯೇ ಉಳಿದು ಸೋಮಾರಿಯಾಗುತ್ತದೆ.

ಇಷ್ಟು ದಾಟಿದ ಮೇಲೆ ಹೇಳಲು ಹೆಚ್ಚೇನೂ ಇಲ್ಲ. ಒಳ್ಳೆಯ ಜಾಗದಲ್ಲಿ ವರ್ಷಕ್ಕೆ ಅರ್ಧ ಮೀಟರಿಗಿಂತ ಹೆಚ್ಚು ಎತ್ತರ ಸಾಗುತ್ತದೆ, ಬುಡ ಬೇಗ ದಪ್ಪವಾಗುತ್ತದೆ, ನೆಲದವರೆಗೂ ಕೊಂಬೆಗಳಿರುವ ಗೋಪುರದ ಆಕಾರ ದಶಕಗಳ ಕಾಲ ಉಳಿಯುತ್ತದೆ. ತಾಯಿಬೇರಿನ ಕಾಲ ಚಿಕ್ಕದು. ಆಮೇಲೆ ಬೇರುಗಳು ಆಳಕ್ಕಿಂತ ಅಗಲಕ್ಕೆ, ದೊಡ್ಡ ಮರದಲ್ಲಿ ಬುಡದಿಂದ ಮೂವತ್ತು ಮೀಟರಿಗೂ ಆಚೆಗೆ ಚಾಚುತ್ತವೆ. ಮನೆಯ ಗೋಡೆಯಿಂದ ಹದಿನೈದು ಅಡಿ ದೂರದಲ್ಲಿ ಮುದ್ದಾಗಿ ಕಾಣುತ್ತದೆಂದು ನೆಡುವವರು ಮುಂದೆ ಆ ಮನೆಗೆ ಬರುವವರ ಕೈಯಿಂದ ಅದನ್ನು ಕಡಿಸುತ್ತಾರೆ. ಇಪ್ಪತ್ತು ಮೀಟರ್ ದೂರವಿಲ್ಲದಿದ್ದರೆ ನೆಡದಿರುವುದೇ ಮೇಲು.

ತವರಿನ ಹೊರಗೆ ಈ ಮರವನ್ನು ಬೆಳೆಸಿದ ಇತಿಹಾಸ 1853ರಷ್ಟು ಹಿಂದಿನದು. ಆ ವರ್ಷ ಜಾನ್ ಮ್ಯಾಥ್ಯೂ ಎಂಬುವರು ಕಳಿಸಿದ ಬೀಜಗಳು ಸ್ಕಾಟ್ಲೆಂಡ್ ತಲುಪಿದವು. ಕೆಲವೇ ತಿಂಗಳಲ್ಲಿ ವಿಲಿಯಂ ಲಾಬ್ ಎಂಬ ಸಸ್ಯಸಂಗ್ರಾಹಕರು ಎಕ್ಸೆಟರ್‌ನ ವೀಚ್ ನರ್ಸರಿಗೆ ಬೀಜ ತಂದರು. ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ ಆಗತಾನೆ ತೀರಿಕೊಂಡಿದ್ದ ಡ್ಯೂಕ್ ಆಫ್ ವೆಲಿಂಗ್ಟನ್‌ನ ಹೆಸರನ್ನು ಮರಕ್ಕಿಟ್ಟರು. ಆ ಹೆಸರು ಮೊದಲೇ ಬೇರೊಂದು ಗಿಡಕ್ಕೆ ಸಂದಿದ್ದರಿಂದ ಶಾಸ್ತ್ರದಲ್ಲಿ ನಿಲ್ಲಲಿಲ್ಲ. ಇಂದಿನ ಸಿಕ್ವೋಯಾಡೆಂಡ್ರಾನ್ ಜೈಗ್ಯಾಂಟಿಯಂ ಎಂಬ ಹೆಸರನ್ನು 1939ರಲ್ಲಿ ಸಸ್ಯವಿಜ್ಞಾನಿ ಬುಕೋಲ್ಜ್ ಕೊಟ್ಟರು. ಸಿಕ್ವೋಯಾ ಎಂಬ ಪದವು ಚೆರೋಕಿ ಭಾಷೆಗೆ ಲಿಪಿ ರೂಪಿಸಿದ ಸಿಕ್ವೋಯಾ ಎಂಬ ಮಹನೀಯರಿಂದ ಬಂದದ್ದೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಸ್ಕಾಟ್ಲೆಂಡಿನ ಬೆನ್‌ಮೋರ್ ತೋಟದಲ್ಲಿ 1863ರಲ್ಲಿ ಸಾಲಾಗಿ ನೆಟ್ಟ ಮರಗಳು ಈಗ ಐವತ್ತು ಮೀಟರ್ ದಾಟಿ ನಿಂತಿವೆ. ಜರ್ಮನಿಯಲ್ಲಿ ವುರ್ಟೆಂಬರ್ಗ್‌ನ ದೊರೆ ಮೊದಲನೆಯ ವಿಲ್ಹೆಲ್ಮ್ ತರಿಸಿದ ಬೀಜದಿಂದ 1860ರ ದಶಕದಲ್ಲಿ ಸಾವಿರಗಟ್ಟಲೆ ಸಸಿಗಳು ಹುಟ್ಟಿದವು; ಸ್ಟುಟ್‌ಗಾರ್ಟ್‌ನ ವಿಲ್ಹೆಲ್ಮಾ ತೋಟದಲ್ಲಿ ಅವುಗಳಲ್ಲಿ ಕೆಲವನ್ನು ಇಂದಿಗೂ ನೋಡಬಹುದು. ಹೊಸ ನೆಲದಲ್ಲೂ ಈ ಮರ ಬಾಳಿದೆ, ಆದರೆ ಅಲ್ಲೆಲ್ಲ ಅದನ್ನು ಮಡಿಯಲ್ಲಿ ಹುಟ್ಟಿಸಿ ನೆಟ್ಟವರು ಮನುಷ್ಯರು.

ಇಲ್ಲಿಗೆ ಬಂದಾಗ ಸಭೆಯಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದೆ: ಊರಿಗೆ ಬೀಜ ಒಯ್ದು ಚಿಕ್ಕಮಗಳೂರಿನಲ್ಲೋ ಕೊಡಗಿನಲ್ಲೋ ನೆಡಬಹುದೇ? ನೆಡಬೇಡಿ ಎಂದೇ ನನ್ನ ಉತ್ತರ. ಈ ಮರ ಚೆನ್ನಾಗಿ ಬೆಳೆದಿರುವ ಪರದೇಶಗಳೆಲ್ಲ ಹೆಪ್ಪುಗಟ್ಟುವ ಚಳಿಗಾಲವುಳ್ಳ, ಬೇಸಿಗೆಯಲ್ಲಿ ಬೇಗುದಿಯಿಲ್ಲದ ಪ್ರದೇಶಗಳು. ಅಮೆರಿಕದಲ್ಲೇ ಸೆಕೆಯೂ ತೇವವೂ ಕೂಡಿರುವ ಆಗ್ನೇಯ ರಾಜ್ಯಗಳಲ್ಲಿ ಇದು ರೋಗಗಳಿಗೆ ತುತ್ತಾಗಿ ಸೊರಗುತ್ತದೆ. ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಮಲೆನಾಡಿನ ಮಳೆಯಲ್ಲಿ ಇದರ ಎಲೆಗೂ ಬೇರಿಗೂ ಉಳಿಗಾಲವಿಲ್ಲ. ಬೀಜ ಒಯ್ಯಲು ಸಸ್ಯ ಸಂಪರ್ಕತಡೆಯ ಅನುಮತಿಯೂ ಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ಅಕೇಶಿಯಾ ಮತ್ತು ನೀಲಗಿರಿ ನೆಡುತೋಪುಗಳು ನಮ್ಮ ಗುಡ್ಡಗಳಿಗೆ ಏನು ಮಾಡಿದವೆಂಬುದನ್ನು ಕಂಡವರು ನಾವು. ಊರಿನಲ್ಲಿ ಒಂದು ಮರ ನೆಡುವ ಆಸೆಯಿದ್ದವರು ನಂದಿಯನ್ನೋ ಹೊನ್ನೆಯನ್ನೋ ನೆಡಲಿ. ಸಿಕ್ವೋಯಾದ ಋಣ ಇರುವುದು ಈ ನೆಲದೊಂದಿಗೆ, ಇಲ್ಲಿನ ನೀರು ಕುಡಿದು ಬಾಳುತ್ತಿರುವ ನಮ್ಮೊಂದಿಗೆ.

ಆ ಋಣದ ಮಾತು ಈಗ ಹಗುರವಾಗಿ ಆಡುವಂಥದ್ದಲ್ಲ. 2020ರಲ್ಲಿ ಕ್ಯಾಸಲ್ ಎಂಬ ಹೆಸರಿನ ಕಾಡ್ಗಿಚ್ಚಿನಲ್ಲಿ 7,500ರಿಂದ 10,600ರಷ್ಟು ದೊಡ್ಡ ಸಿಕ್ವೋಯಾಗಳು ಸತ್ತವೆಂದು ಅಂದಾಜು. ಮರುವರ್ಷದ ಕೆಎನ್‌ಪಿ ಮತ್ತು ವಿಂಡಿ ಬೆಂಕಿಗಳಲ್ಲಿ ಇನ್ನೂ 2,261ರಿಂದ 3,637. ಎರಡು ವರ್ಷದಲ್ಲಿ ಲೋಕದ ಕಾಡುಗಳಲ್ಲಿದ್ದ ದೊಡ್ಡ ಸಿಕ್ವೋಯಾಗಳ ಶೇಕಡ 13ರಿಂದ 19ರಷ್ಟು ಹೋದವು. ಜನರಲ್ ಶೆರ್ಮನ್ ಮರದ ಬುಡಕ್ಕೆ ಬೆಂಕಿ ತಡೆಯುವ ಹಾಳೆ ಸುತ್ತಿದ್ದ ಚಿತ್ರವನ್ನು ನೀವೂ ನೋಡಿರಬೇಕು. ಬೆಂಕಿಯಿಂದ ಹುಟ್ಟುವ ಮರ ಬೆಂಕಿಯಲ್ಲೇ ಏಕೆ ಸತ್ತಿತು ಎಂದರೆ, ಇದು ಹಿಂದಿನ ಬೆಂಕಿಯಾಗಿರಲಿಲ್ಲ. ನೂರು ವರ್ಷ ಆರಿಸುತ್ತ ಬಂದುದರಿಂದ ಒಟ್ಟಾದ ಸೌದೆ, 2012ರಿಂದ 2016ರ ಬರದಲ್ಲಿ ಸತ್ತು ನಿಂತ ಪೈನ್ ಮರಗಳು, ಏರಿದ ಸೆಕೆ ಎಲ್ಲ ಸೇರಿ ಬೆಂಕಿ ನೆಲ ಬಿಟ್ಟು ನೆತ್ತಿಗೇರಿತು. ನೆತ್ತಿಯಲ್ಲಿದ್ದ ಕಣಜವೇ ಉರಿದುಹೋಯಿತು. ಬೀಜ ಗಾಳಿಯಲ್ಲಿ ಸಾಗುವುದು ಸಾಮಾನ್ಯವಾಗಿ ಇನ್ನೂರು ಮೀಟರಿನ ಆಸುಪಾಸು. ಅದಕ್ಕಿಂತ ವಿಸ್ತಾರವಾಗಿ ಸುಟ್ಟ ಜಾಗಗಳಿಗೆ ಬೀಜ ತಲುಪಿಸುವ ತಾಯಿಮರವೇ ಉಳಿದಿಲ್ಲ.

ಅಂಥ ಜಾಗಗಳಲ್ಲಿ ನರ್ಸರಿಯ ಸಸಿಗಳನ್ನು ನೆಡುವ ಕೆಲಸವನ್ನು ಉದ್ಯಾನದ ಆಡಳಿತ 2023ರಿಂದ ಕೈಗೊಂಡಿದೆ. ಮನುಷ್ಯನ ಕೈ ತಾಗದಿರಲೆಂದು ಕಾನೂನು ಕಾದಿಟ್ಟ ಕಾಡಿನಲ್ಲಿ ನೆಡುವುದು ಸರಿಯಲ್ಲ, ತಾನಾಗಿ ಹುಟ್ಟುವುದಕ್ಕೆ ಸಮಯ ಕೊಡಬೇಕು ಎಂದು ವಿರೋಧಿಸುವವರಿದ್ದಾರೆ, ಅವರ ಕಾಳಜಿ ಸುಳ್ಳಲ್ಲ. ಸಸಿಗಳು ಸಾಕಷ್ಟು ಹುಟ್ಟಿರುವಲ್ಲಿ ನಾವು ಹೋಗಲೇಬಾರದು. ಆದರೆ ಕಣಜವೇ ಸುಟ್ಟ ತೋಪಿನಲ್ಲಿ, ನಮ್ಮ ತಪ್ಪಿನಿಂದಲೇ ಸುಟ್ಟ ತೋಪಿನಲ್ಲಿ, ಕೈಕಟ್ಟಿ ನಿಲ್ಲುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ನೆಟ್ಟ ಮೇಲೆ ಸಣ್ಣ ಬೆಂಕಿಯನ್ನು ಮತ್ತೆ ಆ ತೋಪುಗಳಿಗೆ ತರದಿದ್ದರೆ ನೆಟ್ಟದ್ದೂ ಉಳಿಯುವುದಿಲ್ಲ.

ನನ್ನ ಮೊದಲ ವರ್ಷದ ಆ ಮೂರು ಸಸಿಗಳು ಈಗ ಬೆಟ್ಟದ ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿರುವ ಗೆಳೆಯರೊಬ್ಬರ ಜಮೀನಿನಲ್ಲಿವೆ. ಒಂದನ್ನು ಗೋಫರ್ ಕಡಿಯಿತು. ಎರಡು ಮರಗಳು ಮನೆಯ ಸೂರನ್ನು ಮೀರಿ ಬೆಳೆದಿವೆ, ಕಳೆದ ಶರತ್ಕಾಲದಲ್ಲಿ ಒಂದರ ಮೇಲ್ಗೊಂಬೆಯಲ್ಲಿ ಹಸಿರು ಕಾಯಿಗಳು ಐದು ಕಂಡವು. ಅವು ಬಲಿಯಲು ಇನ್ನೊಂದು ಬೇಸಿಗೆ ಬೇಕು. ನಾನು ಅವನ್ನು ಕೀಳುವುದಿಲ್ಲ.

ಸಭಾಂಗಣದ ಹೊರಗೆ ಮೇಜಿನ ಮೇಲೆ ಎರಡು ವರ್ಷದ ಹನ್ನೆರಡು ಸಸಿಗಳನ್ನು ಇಟ್ಟಿದ್ದೇನೆ. ಬೆಟ್ಟದ ಮೇಲೆ ಜಾಗವಿರುವವರು, ಅಲ್ಲಿ ಎರಡು ಬೇಸಿಗೆ ನೀರುಣಿಸಬಲ್ಲವರು ಮಾತ್ರ ತೆಗೆದುಕೊಳ್ಳಿ. ಕಾರಿನ ಡಿಕ್ಕಿಯಲ್ಲಿ ಮಲಗಿಸಬೇಡಿ, ಕಾಲ ಬಳಿ ನೆಟ್ಟಗೆ ನಿಲ್ಲಿಸಿಕೊಳ್ಳಿ. ಇವತ್ತು ಬೆಳಿಗ್ಗೆ ನೀರು ಕುಡಿಸಿದ್ದೇನೆ. ಮುಂದಿನದು ನಾಳಿದ್ದು ಬೆಳಿಗ್ಗೆ.